ರಾಡಿಯೊಳಗೆ ಮನೆ ಹುಡುಕುವ ಉದ್ದವ್ವ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಘಟಪ್ರಭೆಯ ದಂಡೆಯಲ್ಲಿ ಉದ್ದವ್ವ ಮೊಣಕಾಲುಮಟ ರಾಡಿಯಲ್ಲಿ ನಿಂತು ಹಾರೆ ಇಳಿಸುತ್ತಿದ್ದಾಳೆ. ಇಳಿಸುತ್ತಾಳೆ, ಕಿವಿಗೊಟ್ಟು ಕೇಳುತ್ತಾಳೆ, ಕಿತ್ತು ಒಂದು ಹೆಜ್ಜೆ ಸರಿದು ಮತ್ತೆ ಇಳಿಸುತ್ತಾಳೆ. ಹತ್ತೊಂಬತ್ತು ದಿನಗಳ ಹಿಂದೆ ಇಲ್ಲೊಂದು ಓಣಿ ಇತ್ತು. ಮೂವತ್ತೊಂಬತ್ತು ಮನೆಗಳ ಮಣ್ಣಿನ ಗೋಡೆಗಳು ಒಂದೇ ಹಗಲಿನಲ್ಲಿ ಬೆಲ್ಲದ ಹಾಗೆ ಕರಗಿ ಹೊಳೆ ಸೇರಿದವು. ಜನ ದನಕರು ಹೊಡೆದುಕೊಂಡು ಮೇಲಿನ ಗುಡಿಗೆ ಓಡಿ ಜೀವ ಉಳಿಸಿಕೊಂಡರು, ಅಷ್ಟೇ.

ಪಕ್ಕದಲ್ಲಿ ತಾಯವ್ವ ಕೈಕಟ್ಟಿ ನಿಂತಿದ್ದಾಳೆ. ಗಂಡನಿಲ್ಲದ ಹೆಂಗಸು, ಇಬ್ಬರು ಹೆಣ್ಣುಮಕ್ಕಳು. ಸರಕಾರದ ಪಟ್ಟಿ ಇವತ್ತಿಗೆ ಮುಗಿಯುತ್ತದೆ, ಹೊತ್ತು ನೆತ್ತಿಗೆ ಬರುವುದರೊಳಗೆ ಆಕೆಯ ಮನೆಯ ಗುರುತು ಸಿಗಬೇಕು. ಸಿಗದಿದ್ದರೆ ನೆರವಿನ ಪಟ್ಟಿಯಲ್ಲಿ ಆಕೆಯ ಹೆಸರಿಲ್ಲ. ಹೆಸರಿಲ್ಲದವರಿಗೆ ಸರಕಾರಿ ಅಡವಿಯ ಕಟ್ಟಿಗೆ ಇಲ್ಲ, ಬಿದಿರು ಇಲ್ಲ, ಮೇಲಿನ ಮಡ್ಡಿಯ ದಿಬ್ಬದಲ್ಲಿ ಹೊಸ ಮನೆಗೆ ಜಾಗವೂ ಇಲ್ಲ.

"ಬಿಡ ಯವ್ವಾ, ಎರಡ ದಿನ ಆತು. ನಾ ಕುಲಗೋಡಕ್ಕ ಅಣ್ಣನ ಮನೀಗೆ ಹೊಕ್ಕೇನಿ," ಎನ್ನುತ್ತಾಳೆ ತಾಯವ್ವ.

"ಹೋಗು. ನೀ ಉಣ್ಣಾಕ ಕುಂತಾಗ ನಿನ್ನ ಅತ್ತಿಗಿ ಮಾರಿ ಹ್ಯಾಂಗ ಆಕ್ಕೈತಿ ಅಂತ ಬಂದು ಹೇಳು," ಎಂದು ಉದ್ದವ್ವ ತಲೆಯೆತ್ತದೆ ಹಾರೆ ಇಳಿಸುತ್ತಾಳೆ. ತಾಯವ್ವ ಹೋಗುವುದಿಲ್ಲ.

ಉದ್ದವ್ವ ಹುಡುಕುತ್ತಿರುವುದು ಒಳ್ಳು. ಅಡುಗೆಮನೆಯ ನೆಲದಲ್ಲಿ ಕುತ್ತಿಗೆಮಟ ಹೂಳಿರುವ, ಖಾರ ಕುಟ್ಟುವ ಕಲ್ಲು. ಗೋಡೆ ಹೋದರೂ ಅದು ಅಲುಗುವುದಿಲ್ಲ. ಕುಟ್ಟಿ ಕುಟ್ಟಿ ನುಣುಪಾದ ಒಳ್ಳಿಗೆ ಚಾಣವೆಂಬ ಉಳಿಯಿಂದ ಹೊಡೆದು ಮತ್ತೆ ಒರಟು ಮಾಡಿಕೊಡುವುದು ಉದ್ದವ್ವನ ಕಸುಬು. ಗೋಕಾಕದಿಂದ ಮೂಡಲಗಿಯವರೆಗೆ, ಅತ್ತ ಹುಕ್ಕೇರಿ ಕಡೆ ಹತ್ತರಗಿಯವರೆಗೆ ಮೂವತ್ತು ವರ್ಷ ಚಾಣ ಸುತ್ತಿಗೆ ಹೊತ್ತು ತಿರುಗಿದ್ದಾಳೆ. ಒಂದು ಕಲ್ಲಿಗೆ ಅರ್ಧ ಹಗಲು. ಕಲ್ಲಿನ ಚೂರು ಸಿಡಿದು ಎಡಗಣ್ಣು ಮಂಜಾಗಿದೆ. "ಒಂದು ಕಣ್ಣು ಐತಲ್ರಿ, ಸಾಕು. ಕಲ್ಲು ನೋಡಾಕ ಕಣ್ಣ ಯಾಕ ಬೇಕು?" ಎಂದು ಕೇಳಿದವರನ್ನೇ ಕೇಳುತ್ತಾಳೆ.

ಈ ಊರು ಇಷ್ಟು ಒದ್ದಾಡಬೇಕಾಗಿರಲಿಲ್ಲ. ತಪ್ಪು ಊರಿನದೇ. ನೆರೆ ಇಳಿದ ನಾಲ್ಕನೇ ದಿನ ಹಾನಿ ನೋಡಲು ಕುದುರೆಯ ಮೇಲೊಬ್ಬ ಸಾಹೇಬ ಬಂದ. ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಬಾರದೆಂಬುದು ಈ ಸೀಮೆಯ ಹಠ. ಮನೆಯಿದ್ದಾಗ ಸರಿ, ಮನೆಯೇ ಇಲ್ಲದಾಗಲೂ ಅದೇ ಹಠ ಅಂದರೆ ಏನು ಹೇಳುವುದು? ಹಿರಿಯ ಗುರುಲಿಂಗಪ್ಪ ಮೇಲಿನ ಓಣಿಯಿಂದ ಬೇಳೆ, ಬೆಲ್ಲ, ತುಪ್ಪ ಕಡ ತಂದು ಹೋಳಿಗೆ ಮಾಡಿಸಿದ. ಹೆಂಗಸರು ಬೀಗರ ಮನೆಯಿಂದ ಇಳಕಲ್ಲ ಸೀರೆ ಇಸಿದುಕೊಂಡು ಉಟ್ಟು ನಿಂತರು. ಸಾಹೇಬನಿಗೆ ಕೂರಲು ಹಾಸಿದ್ದು ಉದ್ದವ್ವನ ಕಂಬಳಿ, ಆಕೆಗೆ ಉಳಿದಿದ್ದ ಒಂದೇ ಕಂಬಳಿ. ಸಾಹೇಬ ಉಂಡ, ಎಲೆ ಅಡಿಕೆ ಹಾಕಿಕೊಂಡ, ಜನ ಸುಖವಾಗಿದ್ದಾರೆ, ನೆರವಿನ ಜರೂರಿಲ್ಲ ಎಂದು ಬರೆದುಕೊಂಡು ಹೋದ.

"ನಮ್ಮ ಬಾಯಾಗ ನಾವ ಮಣ್ಣ ಹಾಕ್ಕೊಂಡಿವ್ರಿ," ಎಂದು ಗುರುಲಿಂಗಪ್ಪ ಈಗಲೂ ಹಣೆ ಚಚ್ಚಿಕೊಳ್ಳುತ್ತಾನೆ. ಉದ್ದವ್ವ ಹಣೆ ಚಚ್ಚಿಕೊಳ್ಳುವ ಪೈಕಿ ಅಲ್ಲ. ಎರಡು ಹರದಾರಿ ನಡೆದು ಕಚೇರಿಗೆ ಹೋದಳು. ನಾಳೆ ಬಾ ಅಂದರು. ಮರುದಿನ ಹೋದಳು, ಸಾಹೇಬರಿಲ್ಲ ಅಂದರು. ಮೂರನೇ ದಿನ ಹೋದವಳು ಯಾರನ್ನೂ ಏನೂ ಕೇಳಲಿಲ್ಲ. ಕಿಟಕಿಯ ಕೆಳಗೆ ಬೇವಿನ ಗಿಡದ ನೆರಳಲ್ಲಿ ಕೂತು, ದಾರಿಯಲ್ಲಿ ಸಿಕ್ಕಿದ್ದೊಂದು ಕಲ್ಲು ಮುಂದಿಟ್ಟುಕೊಂಡು ಚಾಣ ಹೊಡೆಯತೊಡಗಿದಳು. ಟಣ್, ಟಣ್, ಟಣ್. ಒಳಗೆ ಬರೆಯುವವರ ಕೈ ನಿಂತಿತು. ಕಚೇರಿಯ ಪಟ್ಟೇವಾಲಾ ಬಂದು ಗದರಿಸಿದ.

"ನನ್ನ ಕಸಬು ನಾ ಮಾಡಾಕತ್ತೇನಿ. ನಿಮ್ಮ ಕಸಬು ನೀವು ಮಾಡ್ರಿ," ಅಂದಳು. ಮಧ್ಯಾಹ್ನದವರೆಗೂ ಹೊಡೆದಳು. ಇಳಿಹೊತ್ತಿಗೆ ಒಬ್ಬ ಕಾರಕೂನನನ್ನು ಮತ್ತೆ ಊರಿಗೆ ಕಳಿಸುವ ಮಾತಾಯಿತು. ಆದರೆ ಒಂದು ಕರಾರು. ಊರ ಲೆಕ್ಕ ಬರೆಯುವ ಕುಲಕರ್ಣಿಯ ದಫ್ತರವೂ ನೀರಲ್ಲಿ ಹೋದದ್ದರಿಂದ, ಮನೆ ಇತ್ತು ಎಂಬುದಕ್ಕೆ ಒಬ್ಬೊಬ್ಬರೂ ಸಾಕ್ಷಿ ತೋರಿಸಬೇಕು.

ಕಾರಕೂನ ಬಂದ ಮೊದಲ ದಿನ ಉದ್ದವ್ವ ಹುಡುಕಿಟ್ಟಿದ್ದ ಒಳ್ಳುಗಳನ್ನು ನೋಡಿ ನಕ್ಕ. ಬಂಡಿಯ ಮೇಲೆ ತಂದು ಹೂಳಿದ್ದರೆ ಯಾರಿಗೆ ಗೊತ್ತು ಅಂದ. ಎಳೆದು ನೋಡಿ ಅಂದಳು ಉದ್ದವ್ವ. ಇಬ್ಬರು ಆಳುಗಳು ಎಳೆದು ಎಳೆದು ಬೆವೆತರು, ಕಲ್ಲು ಅಲುಗಲಿಲ್ಲ. ಸರಿ, ಯಾವ ಒಳ್ಳು ಯಾರದೆಂದು ಹೇಗೆ ನಂಬುವುದು ಅಂದ. ಉದ್ದವ್ವ ಸೆರಗಿನಿಂದ ಕಣ್ಣು ಕಟ್ಟಿಕೊಂಡಳು. ಆತ ಮನಸ್ಸಿಗೆ ಬಂದ ಕಲ್ಲಿನ ಹತ್ತಿರ ಕರೆದೊಯ್ದ. ಆಕೆ ಒಳಗೆ ಕೈಯಾಡಿಸಿದಳು.

"ಇದು ಶೆಟ್ಟೆಪ್ಪಂದ್ರಿ. ಅವರ ಮನ್ಯಾಗ ಹನ್ನೆರಡು ಮಂದಿ ಅದಾರ, ಕುಟ್ಟಿ ಕುಟ್ಟಿ ತಳಾ ಬಾವಿ ಆಗೇತಿ. ಇದು ಯಲ್ಲಕ್ಕಂದು. ಮುದಕಿಗೆ ಹಲ್ಲಿಲ್ಲ, ಅಡಕಿನೂ ಇದರಾಗ ಕುಟ್ಟತಿದ್ಲು, ವಾಸನಿ ನೋಡ್ರಿ."

ಕಾರಕೂನ ಬಗ್ಗಿ ವಾಸನೆ ನೋಡಿದ್ದನ್ನು ಊರಿನ ಹೆಂಗಸರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಅವತ್ತಿನಿಂದ ಆತ ನಗುವುದು ಬಿಟ್ಟಿದ್ದಾನೆ. ದಿನಕ್ಕೆ ನಾಲ್ಕೈದರಂತೆ ಮೂವತ್ತೇಳು ಒಳ್ಳು ಸಿಕ್ಕಿವೆ, ಮೂವತ್ತೇಳು ಹೆಸರು ಪಟ್ಟಿ ಸೇರಿವೆ. ಇನ್ನುಳಿದದ್ದು ಎರಡು. ಒಂದು ತಾಯವ್ವನ ಮನೆ, ಹೊಳೆ ದಿಕ್ಕು ಬದಲಿಸಿ ಕೊರೆದ ಜಾಗದ ಅಂಚಿನಲ್ಲಿದ್ದದ್ದು. ಇನ್ನೊಂದು ಉದ್ದವ್ವನ ಗುಡಿಸಲು. ಅದಕ್ಕೆ ಗುರುತು ಸಿಗುವ ಹಾಗೇ ಇಲ್ಲ. ಊರಿಗೆಲ್ಲ ಒಳ್ಳು ಹೊಡೆದುಕೊಟ್ಟವಳ ಗುಡಿಸಲಲ್ಲಿ ಒಳ್ಳೇ ಇರಲಿಲ್ಲ. ಒಬ್ಬಳ ಖಾರಕ್ಕೆ ಕಲ್ಲೇಕೆಂದು ನೆರೆಮನೆಯಲ್ಲಿ ಕುಟ್ಟಿಕೊಂಡು ಬರುತ್ತಿದ್ದಳು. ಸಂಕಟದ ಮಾತಿದು, ಆದರೆ ಆಕೆ ಈ ಬಗ್ಗೆ ಇವತ್ತಿನವರೆಗೆ ತುಟಿ ಬಿಚ್ಚಿಲ್ಲ.

ಹೊತ್ತು ಏರುತ್ತದೆ. ಕಾರಕೂನನ ತಟ್ಟುಕುದುರೆ ಗುಡಿಯ ಮುಂದೆ ನಿಲ್ಲುತ್ತದೆ. ಆತ ಕಟ್ಟೆಯ ಮೇಲೆ ಕೂತು ಪಟ್ಟಿ ಬಿಚ್ಚುತ್ತಾನೆ. ಅದೇ ಹೊತ್ತಿಗೆ ಕೆಳಗಿನಿಂದ ಸಪ್ಪಳ ಬರುತ್ತದೆ, ಕಬ್ಬಿಣ ಗಟ್ಟಿ ಕಲ್ಲಿಗೆ ತಾಗಿದ ಸಪ್ಪಳ. ಉದ್ದವ್ವ ಹಾರೆ ಬಿಟ್ಟು ಮೊಣಕೈವರೆಗೆ ಕೈ ತೂರಿಸುತ್ತಾಳೆ. ಬಹಳ ಹೊತ್ತು ಕೈಯಾಡಿಸುತ್ತಾಳೆ.

"ಕಾರಕೂನ ಸಾಹೇಬರನ್ನ ಕರೀರಿ. ಬಾಯಿ ಎಡಕ್ಕ ಸವದೈತಿ. ಎಡಗೈಯಾಕಿ ಕುಟ್ಟಿದ ಒಳ್ಳು ಇದು."

ಕಾರಕೂನ ಧೋತರ ಮೇಲೆತ್ತಿ ರಾಡಿಗಿಳಿಯುತ್ತಾನೆ. ತಾನೇ ಕೈ ಹಾಕಿ ನೋಡುತ್ತಾನೆ. ಆಮೇಲೆ ಹಾರೆಯನ್ನು ತಾಯವ್ವನತ್ತ ಚಾಚಿ, "ಖಾರಾ ಕುಟ್ಟು ನೋಡೂಣು," ಎನ್ನುತ್ತಾನೆ. ಆಕೆ ಹಿಡಿಯುವುದು ಎಡಗೈಯಲ್ಲೇ. ಹಿಡಿದವಳು ಕುಟ್ಟಲಾರದೆ ಅಳುತ್ತಾಳೆ.

ಮೂವತ್ತೆಂಟನೇ ಹೆಸರು ಪಟ್ಟಿಗೆ ಬೀಳುತ್ತದೆ. ಕಾರಕೂನ ಲೇಖನಿ ಒರೆಸುತ್ತಾನೆ. ಗುರುಲಿಂಗಪ್ಪನ ಕೈ ಸುಮ್ಮನಿರಬೇಕಲ್ಲ, ಎಲ್ಲಿಂದಲೋ ಒಂದು ತಂಬಿಗೆ ಮಜ್ಜಿಗೆ ತಂದು ಮುಂದೆ ಹಿಡಿಯುತ್ತಾನೆ. ಉದ್ದವ್ವ ರಾಡಿಗೈಯಿಂದಲೇ ತಂಬಿಗೆ ತಡೆಯುತ್ತಾಳೆ.

"ತಡೀರಿ ಕಾಕಾ. ಒಮ್ಮೆ ಉಣಿಸಿ ಕಳಿಸಿದ್ದು ಸಾಕು. ಇನ್ನೊಂದು ಹೆಸರು ಐತಿ."

"ಯಾರದು?" ಎನ್ನುತ್ತಾನೆ ಕಾರಕೂನ.

"ನಂದ್ರಿ. ಉದ್ದವ್ವ."

"ನಿನ್ನ ಒಳ್ಳು ಎಲ್ಲೈತಿ?"

"ನನ್ನ ಮನ್ಯಾಗ ಒಳ್ಳು ಇರಲಿಲ್ರಿ."

ಕಾರಕೂನ ನೆಲ ನೋಡುತ್ತಾನೆ. ಕರಾರು ತಾನು ಮಾಡಿದ್ದಲ್ಲ ಎಂದು ಮೆಲ್ಲಗೆ ಹೇಳುತ್ತಾನೆ. ಆಗ ತಾಯವ್ವ ಬಂದು ಉದ್ದವ್ವನ ಪಕ್ಕ ನಿಲ್ಲುತ್ತಾಳೆ. "ನನ್ನ ಒಳ್ಳಿನಾಗ ಕುಟ್ಟತಿದ್ಲು ಈಕಿ," ಎನ್ನುತ್ತಾಳೆ. ನನ್ನ ಒಳ್ಳಲ್ಲೂ ಎಂದು ಯಲ್ಲಕ್ಕ. ಒಬ್ಬೊಬ್ಬರೇ ಗುಡಿಯ ಕಟ್ಟೆಯಿಂದ ಇಳಿದು ಬರುತ್ತಾರೆ.

ಉದ್ದವ್ವ ಅವರತ್ತ ನೋಡುವುದಿಲ್ಲ. ಚಾಣ ಸುತ್ತಿಗೆಯ ಗಂಟು ತಂದು ಕಾರಕೂನನ ಎದುರಿಗೆ ಇಟ್ಟು, ಅಲ್ಲೇ ಕೂರುತ್ತಾಳೆ.

"ಮಡ್ಡಿ ಮ್ಯಾಲ ಮನಿ ಕಟ್ಟಿದ ಮ್ಯಾಲ ನನಗೂ ಒಂದು ಒಳ್ಳು ಹೊಡಕೋಬೇಕಂತ ಆಸೆ ಐತ್ರಿ. ಸಾಕ್ಷಿ ಬೇಕಂದ್ರ ಆ ಮೂವತ್ತೆಂಟರಾಗೂ ನನ್ನ ಚಾಣದ ಗುರತು ಅದಾವ, ಕೈ ಹಾಕಿ ನೋಡ್ರಿ. ನನ್ನ ಹೆಸರು ಎಲ್ಲಾರಕಿಂತ ಕಡೀಕ ಬರೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಬರದು ಏಳ್ರಿ."