‘ಗೊತ್ತಿಲ್ಲ’ ಎಂದ ವಕೀಲರು

“ಇದು ನನಗ ಪೂರಾ ಗೊತ್ತಿಲ್ಲವ್ವಾ. ಭಾನುವಾರ ವಕೀಲರಿಗಂತ ಒಂದು ಕ್ಲಾಸ್ ಐತಿ, ಕೇಳ್ಕೊಂಡು ಬರ್ತೀನಿ,” ಎಂದರು ಹಿಮಾಯತ್‌ನಗರದ ಆ ವಕೀಲರು. ಅರವತ್ತು ದಾಟಿದ, ಬೀದರ್ ಕಡೆಯ ಹೆಣ್ಣುಮಗಳು. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ವಕೀಲರನ್ನು ನಾನು ನೋಡಿದ್ದು ಅದೇ ಮೊದಲು.

ಮಾದಾಪುರದಲ್ಲಿ ಐಟಿ ಕಂಪನಿಗಳು ಸಾಲುಸಾಲಾಗಿ ಏಳುತ್ತಿದ್ದ ಕಾಲ. ನಾನು ಬಸುರಿ ಎಂದು ಕಚೇರಿಗೆ ತಿಳಿದ ವಾರದಲ್ಲೇ ಮ್ಯಾನೇಜರ್ ನನ್ನನ್ನು ಒಂದು ಕೋಣೆಯಲ್ಲಿ ಕೂರಿಸಿ, ಸಹಿ ಹಾಕುವ ತನಕ ಹೊರಗೆ ಬಿಡದೆ ರಾಜೀನಾಮೆ ಬರೆಸಿಕೊಂಡಿದ್ದರು. ಸಹಿ ಹಾಕಿದ ಮೇಲೆ ಏನೂ ಮಾಡಲಾಗದು ಎಂದು ಇಬ್ಬರು ವಕೀಲರು ಆಗಲೇ ನನ್ನನ್ನು ವಾಪಸ್ ಕಳಿಸಿದ್ದರು.

ಕ್ಲಾಸ್ ಕೇಳಿ ಬಂದ ಈ ಹಿರಿಯ ವಕೀಲರೇ ಸೋಮವಾರ ಬೆಳಿಗ್ಗೆ ಫೋನ್ ಮಾಡಿದರು. “ಒತ್ತಾಯ ಮಾಡಿ ಬರೆಸ್ಕೊಂಡಿದ್ದು ರಾಜೀನಾಮೆ ಅಲ್ಲವ್ವಾ. ಬಸುರಿ ಅಂತ ಕೆಲಸದಿಂದ ತೆಗ್ಯಾಕ ಬರಂಗಿಲ್ಲ. ಅಂಜಬ್ಯಾಡ, ನೋಟಿಸ್ ಬರಿಯಾಕತ್ತೀನಿ.”

ನೋಟಿಸ್ ತಲುಪಿದ ಹದಿನೈದು ದಿನಕ್ಕೆ ಕಂಪನಿ ನನ್ನನ್ನು ಮತ್ತೆ ಕೆಲಸಕ್ಕೆ ಕರೆಯಿತು, ಹೆರಿಗೆ ರಜೆಯನ್ನೂ ಕೊಟ್ಟಿತು.

ಈಗ ನನ್ನ ಕೈಕೆಳಗೆ ಹತ್ತು ಮಂದಿ ಇದ್ದಾರೆ. ಬಸುರಿ ಎಂದು ಹೇಳಲು ಹಿಂಜರಿಯುತ್ತಾ ಯಾರಾದರೂ ನನ್ನ ಮೇಜಿನ ಮುಂದೆ ನಿಂತರೆ, ಕುರ್ಚಿ ಎಳೆದು ಕೂರಿಸಿ ಅವರ ಹಕ್ಕುಗಳನ್ನೆಲ್ಲ ನಾನೇ ತಿಳಿಸುತ್ತೇನೆ. ಆ ವಕೀಲ ತಾಯಿಯ ಋಣ ತೀರಿಸಲು ನನಗೆ ತಿಳಿದಿರುವ ದಾರಿ ಅದೊಂದೇ.