ಅರ್ಧ ಬಂದ ತಾರು

ಇವತ್ತಿಡೀ ಹಳೆಯ ಕಂಪ್ಯೂಟರಿಗೆ ಮೋಡೆಮ್ ಜೋಡಿಸುತ್ತ ಕೂತಿದ್ದೆ. ಬರುವ ಅಕ್ಷರಗಳು ನಡುನಡುವೆ ಬಿಟ್ಟುಹೋಗುತ್ತಿದ್ದವು. ನೋಡಿದರೆ, ‘ಸ್ವಲ್ಪ ನಿಲ್ಲು’ ಎಂದು ಮೋಡೆಮ್ಮಿಗೆ ತಿಳಿಸುವ ತಂತಿಯೇ ಕೇಬಲ್ಲಿನೊಳಗೆ ತುಂಡಾಗಿತ್ತು. ಆ ತಂತಿಗೆ ಬೆಸುಗೆ ಹಾಕುವಾಗ ಸಿಂದಗಿಯ ತಾರು ಕಚೇರಿ ನೆನಪಾಯಿತು.

ಅಪ್ಪ ಅಲ್ಲಿ ತಾರು ಮಾಸ್ತರರು, ಊರೂರಿಂದ ಬರುವ ಟೆಲಿಗ್ರಾಂ ಬರೆದುಕೊಳ್ಳುವವರು. ತಾರು ಯಂತ್ರದ ಕಟಕಟ ಸದ್ದು ಕೇಳುತ್ತ ಅಕ್ಷರ ಬರೆದು ಬರೆದು ಅವರ ಬೆರಳು ಸೆಟೆದಿರುತ್ತಿದ್ದವು.

ಒಂದು ಮಧ್ಯಾಹ್ನ ನಾನು ಬುತ್ತಿ ಒಯ್ದಾಗ ದೇವಣಗಾಂವದ ಗಂಗವ್ವ ಬಾಗಿಲಲ್ಲಿ ಕೂತಿದ್ದಳು. ಗಂಡ ಸೊಲ್ಲಾಪುರದ ಆಸ್ಪತ್ರೆಯಲ್ಲಿದ್ದ. ಅವಳು ಕಾಯುತ್ತಿದ್ದ ತಾರನ್ನು ಆಚೆ ತುದಿಯ ಸೊಲ್ಲಾಪುರದ ಮಾಸ್ತರ ಬಿರುಸಾಗಿ ಕಳಿಸಿದ; ಅಪ್ಪ ತಡೆಯುವಷ್ಟರಲ್ಲಿ ನಡುವಿನ ಮಾತುಗಳು ತಪ್ಪಿದವು, ಲೈನೂ ಹೋಯಿತು.

“ಏನ್ ಬಂದೈತ್ರಿ ಮಾಸ್ತರ?” ಎಂದಳು.

“ಅರ್ಧಾ ಬಂದೈತವ್ವಾ. ಅರ್ಧಾ ಓದಿ ಹೇಳಾಕ ಬರಂಗಿಲ್ಲ, ಕುಂದರು.”

ಅಪ್ಪ ಬುತ್ತಿ ಬಿಚ್ಚಲೇ ಇಲ್ಲ. ಸಂಜೆ ಲೈನು ಬಂದಾಗ ಆಚೆಯವನನ್ನು ತಡೆದು ತಡೆದು ಒಂದೊಂದೇ ಮಾತು ತರಿಸಿಕೊಂಡರು.

“ಆಪರೇಶನ್ ಆಗೇತಿ. ಜೀವಕ್ಕ ಏನೂ ಭಯ ಇಲ್ಲವ್ವಾ.”

ಗಂಗವ್ವ ಅಳಲಿಲ್ಲ, ನಗಲೂ ಇಲ್ಲ. ಗೋಡೆಗೆ ಒರಗಿ ಅಲ್ಲೇ ನಿದ್ದೆಹೋದಳು. ಅಪ್ಪನೂ ಮೇಜಿನ ಮೇಲೆ ತಲೆಯಿಟ್ಟರು. ಇಬ್ಬರನ್ನೂ ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ.

ಅಪ್ಪನ ಆಗಿನ ವಯಸ್ಸನ್ನು ನಾನು ದಾಟಿ ಬಹಳ ಕಾಲವಾಯಿತು. ಖುಷಿಪಡುವುದಕ್ಕೂ ಮೈಯಲ್ಲಿ ಕಸುವು ಬೇಕು ಅನ್ನುವುದು ಈಗ ತಿಳಿಯುತ್ತಿದೆ.