ಹುಳ ಜ್ವರಕ್ಕೆ ಕೂತ ಭಾನುವಾರ

ಸುಗಟೂರಿನ ದೊಡ್ಡಗಂಗಮ್ಮನಿಗೆ ಸೊಸೆಯಾಗಿ ಬಂದಾಗಿನಿಂದ ಮೈಸೂರು ನೋಡುವ ಆಸೆ. ಆದರೆ ರೇಷ್ಮೆ ಹುಳ ಸಾಕುವ ಮನೆಯಲ್ಲಿ ಯಾರಿಗೆ ಪುರುಸೊತ್ತು? ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು. ಗೂಡು ಮಾರಿ ಬಂದರೆ ಹುಳದ ಮನೆ ತೊಳೆಯಬೇಕು, ಹಿಪ್ಪುನೇರಳೆ ತೋಟದ ಕಳೆ ಕೀಳಬೇಕು. ಕೈ ಬಿಡುವಾಗುವುದು ಹುಳ ಜ್ವರಕ್ಕೆ ಕೂತಾಗ ಮಾತ್ರ. ಪೊರೆ ಬಿಡಲು ತಲೆ ಎತ್ತಿಕೊಂಡು ಕೂತುಬಿಟ್ಟರೆ ಅವು ಎದ್ದೇಳುವವರೆಗೂ ಒಂದೆಲೆ ಮುಟ್ಟುವುದಿಲ್ಲ. ಎದ್ದ ಮೇಲಿನ ಮೊದಲ ಸೊಪ್ಪು ಮಾತ್ರ ಹದ ನೋಡಿ ಬೀಳಬೇಕು. ಅವಸರಪಟ್ಟರೆ ಹುಳ ಒಂದು ದಪ್ಪ, ಒಂದು ಸಣ್ಣ ಆಗಿ ಬೆಳೆಯೇ ಕೆಡುತ್ತದೆ. ಆ ಮೊದಲ ಸೊಪ್ಪನ್ನು ದೊಡ್ಡಗಂಗಮ್ಮ ಬೇರೆಯವರ ಕೈಗೆ ಕೊಟ್ಟವಳೇ ಅಲ್ಲ. ಗಂಡ ಇದ್ದಾಗ ಅವನಿಗೂ ಕೊಟ್ಟಿರಲಿಲ್ಲ.

ಈ ಸಲ ನಾಲ್ಕನೇ ಜ್ವರಕ್ಕೆ ಹುಳ ಶನಿವಾರ ಸಂಜೆ ಕೂತವು. ಮೇಲೆ ಸುಣ್ಣದ ಪುಡಿ ಉದುರಿಸಿ ಬಂದವಳೇ ಓರಗಿತ್ತಿ ಅನಸೂಯಮ್ಮನಿಗೆ, "ಏಯ್, ಒಳ್ಳೆ ಸೀರೆ ತೆಗೆದಿಟ್ಕೊಳ್ಳೇ. ನಾಳೆ ಮೈಸೂರು. ಹುಳ ಏಳೋದು ರಾತ್ರಿ, ಅಷ್ಟರೊಳಗೆ ಬಂದ್ಬಿಡಣ" ಎಂದಳು.

ಕೋಲಾರದಿಂದ ಬಾಡಿಗೆ ಕಾರು ಬಂತು. ಡ್ರೈವರ್ ಶಿವಕುಮಾರ್ ಮಾತಿನ ಮಲ್ಲ. ಶ್ರೀರಂಗಪಟ್ಟಣದ ಕೋಟೆ ತೋರಿಸಿ, ರಂಗನಾಥನ ದರ್ಶನ ಮಾಡಿಸಿ, ಮೈಸೂರು ಸೇರಿದ್ದೇ ಒಂದು ಸೀರೆ ಅಂಗಡಿ ಮುಂದೆ ಕಾರು ನಿಲ್ಲಿಸಿದ.

"ಇಳೀರಮ್ಮ. ಅಸಲು ರೇಷ್ಮೆ ಹೆಂಗಿರತ್ತೆ ನೋಡೀರಂತೆ. ಕಾಫಿ ಬೇರೆ ಕೊಡ್ತಾರೆ."

ದೊಡ್ಡಗಂಗಮ್ಮ ಕೂತಲ್ಲಿಂದ ಏಳಲಿಲ್ಲ. "ನಾಯ್ನಾ, ರೇಷ್ಮೇನ ಮನೇಲಿ ಮಲಗಿಸಿ ಬಂದಿದೀನಿ. ಅದರ ಮುಖ ನೋಡಿ ನೋಡಿ ಸಾಕಾಗೇ ಇಲ್ಲಿಗೆ ಬಂದಿರೋದು. ಅರಮನೆ ಎಲ್ಲಿ?"

"ಕಾಫಿನಾದ್ರೂ ಕುಡಿಯಣ ಅಕ್ಕ" ಎಂದಳು ಅನಸೂಯಮ್ಮ.

"ಅರಮನೆ ಹತ್ರ ನಾನೇ ಕುಡಿಸ್ತೀನಿ. ನಡಿಯೋ ಶಿವಕುಮಾರ, ಕಮಿಷನ್ ಹೋಯ್ತು ಅಂತ ಮುಖ ಊದಿಸ್ಕೋಬೇಡ. ನಿನಗೂ ಕುಡಿಸ್ತೀನಿ."

ಶಿವಕುಮಾರ್ ನಕ್ಕು ಗೇರು ಹಾಕಿದ.

ದರ್ಬಾರು ಮಂಟಪದ ಬಣ್ಣದ ಕಂಬಗಳ ನಡುವೆ ದೊಡ್ಡಗಂಗಮ್ಮ ತಲೆ ಎತ್ತಿ ನಿಂತವಳು ಅಲ್ಲಾಡಲೇ ಇಲ್ಲ. ಜನ ಅವಳನ್ನು ಬಳಸಿಕೊಂಡು ಮುಂದೆ ಹೋದರು.

"ಅಕ್ಕ, ನೀನೂ ಜ್ವರಕ್ಕೆ ಕೂತ್ಯಾ?" ಅನಸೂಯಮ್ಮ ಮೊಣಕೈಯಲ್ಲಿ ತಿವಿದಳು.

"ಸುಮ್ನಿರೇ. ಇನ್ನೂ ನೋಡಿ ಮುಗಿದಿಲ್ಲ."

ಹೊರಗೆ ಬಂದಾಗ ಸಂಜೆ ಇಳಿದಿತ್ತು. "ಇವತ್ತು ಭಾನುವಾರ, ಕತ್ತಲಾದ್ರೆ ಅರಮನೆಗೆಲ್ಲಾ ದೀಪ ಹಾಕ್ತಾರೆ" ಎಂದ ಶಿವಕುಮಾರ್. "ಆದ್ರೆ ನಿಂತ್ರೆ ಊರು ಸೇರೋದು ತಡ ಆಗತ್ತೆ. ಆಮೇಲೆ ನನ್ನ ಬೈಬೇಡಿ."

ಅಷ್ಟರಲ್ಲಿ ಸೊಸೆ ರಂಜಿತಳ ಫೋನು. "ಅತ್ತೆ, ಎಲ್ಲಿದೀರ? ಕೆಲವು ಆಗ್ಲೇ ತಲೆ ಆಡಿಸ್ತಾವೆ. ಈ ಸಲ ಬೇಗ ಏಳೋ ಹಂಗಿದೆ."

ಅನಸೂಯಮ್ಮ ಚೀಲ ಎತ್ತಿಕೊಂಡು ಹೊರಡಲು ನಿಂತೇಬಿಟ್ಟಳು. ದೊಡ್ಡಗಂಗಮ್ಮ ಮಾತ್ರ ಮಬ್ಬಿನಲ್ಲಿ ನಿಂತ ಅರಮನೆಯನ್ನೇ ನೋಡುತ್ತಿದ್ದಳು. ಒಂದು ದೀಪವೂ ಹತ್ತಿರಲಿಲ್ಲ.

"ಎಲ್ಲಾ ಏಳೋವರೆಗೂ ಮುಟ್ಬೇಡ" ಎಂದಳು ಫೋನಿಗೆ. "ಎದ್ದ ಮೇಲೆ ನೀನೇ ಸೊಪ್ಪು ಹಾಕು."

"ನಾನಾ? ಮೊದಲನೇ ಸೊಪ್ಪಾ?"

"ಹೂಂ ಕಣೇ. ಇಷ್ಟು ವರ್ಷ ನನ್ನ ಕೈ ನೋಡಿಲ್ವಾ? ಎಳೇ ಸೊಪ್ಪು, ತೆಳ್ಳಗೆ ಹಾಕು. ನಾನು ದೀಪ ನೋಡ್ಕೊಂಡೇ ಬರೋದು."

ಫೋನನ್ನು ಎಲೆಯಡಿಕೆ ಚೀಲಕ್ಕೆ ತುರುಕಿ ಹುಲ್ಲಿನ ಮೇಲೆ ಕಾಲು ಚಾಚಿ ಕೂತಳು. ಸ್ವಲ್ಪ ಹೊತ್ತಿಗೆ ಇಡೀ ಅರಮನೆ ಒಂದೇ ಸಲಕ್ಕೆ ಹೊತ್ತಿಕೊಂಡಿತು. "ಅಯ್ಯಪ್ಪಾ!" ಎಂದು ಅನಸೂಯಮ್ಮ ಚೀಲ ಕೆಳಗೆ ಹಾಕಿದಳು.

ದೊಡ್ಡಗಂಗಮ್ಮ ಕಣ್ತುಂಬಾ ನೋಡಿ, ಹಿಂದಕ್ಕೆ ತಿರುಗಿದಳು. "ಶಿವಕುಮಾರ, ಹಂಪಿಗೆ ಹೋಗ್ಬರೋಕೆ ಎಷ್ಟು ದಿನ ಬೇಕು?"

"ಎರಡು ದಿನ ಹಿಡಿಯತ್ತಮ್ಮ. ನಿಮ್ಮ ಹುಳ ಕಾಯಲ್ಲ."

"ಅವು ಯಾಕೆ ಕಾಯ್ಬೇಕು? ಮನೇಲಿ ರಂಜಿತ ಇದಾಳೆ."